ಗಾಲಿಯ ಏರೋ ಕವರ್: ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಓಡುತ್ತಿರುವ ಹಳೆಯ ಟೊಯೋಟಾ ಪ್ರಿಯಸ್ ಕಾರುಗಳ (ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ಗಳು) ಬಗ್ಗೆ ಇಲ್ಲಿನ ಕನ್ನಡಿಗರಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಗಾಲಿಗೆ ಏರೋ ಕವರ್ ಹಾಕಿಕೊಂಡು ಪೆಟ್ರೋಲ್ ಉಳಿಸುವುದು ಹೇಗೆ ಎಂಬುದು ವಿಷಯ. ಬರಹ ಮುಗಿಯುವ ಮೊದಲು ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ನಮ್ಮ ಗ್ಯಾರೇಜುಗಳಲ್ಲಿ ಗಾಲಿಯ ಮೇಲೆ ಕೂರುವ ಎಲ್ಲದಕ್ಕೂ ವೀಲ್ ಕ್ಯಾಪ್ ಅಥವಾ ವೀಲ್ ಕಪ್ ಅನ್ನುತ್ತಾರೆ. ಆದರೆ ಸಾಮಾನು ಮೂರು ಬಗೆಯದು. ಗಾಲಿಯ ನಡುವಿನ ಗುಂಬವನ್ನು ಮಾತ್ರ ಮುಚ್ಚುವ ಪುಟ್ಟ ಬಿಲ್ಲೆ ಒಂದು. ಗಾಲಿಯ ಇಡೀ ಮುಖವನ್ನು ಮುಚ್ಚುವುದು ಇನ್ನೊಂದು. ಮೂರನೆಯದು ಗಾಲಿಗೆ ಅಂಟಿಕೊಂಡದ್ದೇ ಅಲ್ಲ. ಅದು ಕಾರಿನ ಮೈಯ ಭಾಗ, ಮಡ್‌ಗಾರ್ಡಿನ ಬಾಯಿಯನ್ನು ಮೇಲಿನಿಂದ ಮುಚ್ಚುತ್ತದೆ. 1999ರಲ್ಲಿ ಬಂದ ಮೊದಲ ಹೋಂಡಾ ಇನ್‌ಸೈಟ್ ಕಾರಿನ ಹಿಂದಿನ ಗಾಲಿಗಳು ಹೀಗೆ ಅರ್ಧ ಮರೆಯಾಗಿದ್ದವು. ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1 ಎಂಬ ಡೀಸೆಲ್ ಹೈಬ್ರಿಡ್‌ನಲ್ಲಂತೂ ಹಿಂದಿನ ಗಾಲಿ ಪೂರ್ತಿ ಮುಚ್ಚಿಹೋಗಿತ್ತು. ಇದನ್ನು ಇಂಗ್ಲಿಷಿನವರು ಸ್ಕರ್ಟ್ ಅನ್ನುತ್ತಾರೆ. ಕನ್ನಡಕ್ಕೆ ಆ ಬಟ್ಟೆ ಬೇಡ, ಗಾಲಿಮರೆ ಎಂದರೆ ಸಾಕು ಅಂತ ನನ್ನ ಅನಿಸಿಕೆ. ಮೊದಲನೆಯದಕ್ಕೆ ಗುಂಬದ ಬಿಲ್ಲೆ ಎನ್ನಬಹುದು. ಗಾಡಿಯ ಗಾಲಿಯಿಂದ ಬಂದ ಗುಂಬ ಎಂಬ ಮಾತು ಕಾರಿಗೂ ಹೊಂದುತ್ತದೆ.

ತೊಡಕು ಇರುವುದು ನಡುವಿನದಕ್ಕೆ, ಅಂದರೆ ಗಾಲಿಯ ಇಡೀ ಮುಖ ಮುಚ್ಚುವ ಏರೋ ಕವರ್‌ಗೆ. ಅದಕ್ಕೆ ಹೆಸರಿಡಬೇಕಾದರೆ ಅದು ಮಾಡುವ ಕೆಲಸವನ್ನು ಮೊದಲು ನೋಡಬೇಕು.

ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ನೆಲಕ್ಕೆ ತಾಗಿದ ಟೈರಿನ ತುದಿ ಆ ಕ್ಷಣಕ್ಕೆ ನಿಂತೇ ಇರುತ್ತದೆ. ಮೇಲಿನ ತುದಿ 200ರ ವೇಗದಲ್ಲಿ ಮುಂದಕ್ಕೆ ನುಗ್ಗುತ್ತಿರುತ್ತದೆ. ನಡುವಿನ ಕಡ್ಡಿಗಳು ಫ್ಯಾನಿನ ರೆಕ್ಕೆಗಳಂತೆ ಗಾಳಿಯನ್ನು ಹೊರಕ್ಕೆ ಎಸೆಯುತ್ತವೆ. ಕಾರಿನ ಮಗ್ಗುಲಲ್ಲಿ ನೇರವಾಗಿ ಹರಿದು ಹೋಗಬೇಕಾದ ಗಾಳಿ ಅಲ್ಲಿ ಕದಡಿ ಸುಳಿ ಏಳುತ್ತದೆ. ಕಾರು ಎದುರಿಸುವ ಒಟ್ಟು ಗಾಳಿತಡೆಯಲ್ಲಿ ಸುಮಾರು ಕಾಲು ಭಾಗ ಗಾಲಿ ಮತ್ತು ಗಾಲಿಗೂಡುಗಳಿಂದಲೇ ಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಕಡ್ಡಿಗಳ ನಡುವಿನ ಸಂದುಗಳನ್ನು ಮುಚ್ಚಿ ಮುಖವನ್ನು ಸಮ ಮಾಡಿದರೆ ಈ ಕದಡುವಿಕೆ ಕಡಿಮೆಯಾಗುತ್ತದೆ. ಮುಖ್ಯ ಕೆಲಸ ಇಷ್ಟೇ. ಇದು ಅಂದಕ್ಕೂ ಅಲ್ಲ, ಧೂಳಿನಿಂದ ಕಾಪಾಡುವುದಕ್ಕೂ ಅಲ್ಲ.

ಹಾಗಾಗಿ ಕವಚ ಎಂಬ ಪದ ನನಗೆ ಒಪ್ಪಿಗೆಯಿಲ್ಲ. ಕವಚ ಎಂದ ಕೂಡಲೇ ಪೆಟ್ಟಿನಿಂದ ಕಾಪಾಡುವುದು ಎಂಬ ಅರ್ಥ ಬಂದುಬಿಡುತ್ತದೆ. ಹೊದಿಕೆ ಎಂದರೆ ಬಟ್ಟೆಯ ನೆನಪು ಬರುತ್ತದೆ. ಜೀಪಿನ ಹಿಂದೆ ನೇತಾಡುವ ಸ್ಟೆಪ್ನಿಗೆ ಹಾಕುವ ರೆಕ್ಸಿನ್ ಚೀಲಕ್ಕೆ ಆ ಪದ ಸರಿ. ತಟ್ಟೆ ಆಕಾರಕ್ಕೇನೋ ಒಪ್ಪುತ್ತದೆ, ಆದರೆ ಅದೇ ಗಾಲಿಯೊಳಗೆ ಬ್ರೇಕಿನ ಡಿಸ್ಕ್ ಕೂಡ ಇದೆ ಅಲ್ವಾ? ಓದುಗರಿಗೆ ಯಾವ ತಟ್ಟೆ ಎಂಬ ಅನುಮಾನ ಬರುತ್ತದೆ. ಮುಚ್ಚಳ ಮಾತ್ರ ಸರಿಯಾದ ಪದ ಅನಿಸುತ್ತದೆ. ಸಂದನ್ನೋ ಬಾಯಿಯನ್ನೋ ಮುಚ್ಚುವುದೇ ಮುಚ್ಚಳ, ಮತ್ತು ಪೆಟ್ರೋಲ್ ಟ್ಯಾಂಕಿನಿಂದಾಗಿ ಕಾರಿನಲ್ಲಿ ಆ ಮಾತು ಈಗಾಗಲೇ ಇದೆ.

ಇನ್ನು ಏರೋಡೈನಾಮಿಕ್ ಎಂಬ ವಿಶೇಷಣ, ಅಂದರೆ ಗಾಳಿ ಸಲೀಸಾಗಿ ಹರಿದುಹೋಗುವಂಥದ್ದು. ಏರೋ ಎಂಬುದು ಅದರ ಮೊಟಕು ರೂಪ. ವಾಯುಗತಿಕ ಎಂದು ಬರೆದರೆ ಕಾರು ಓಡಿಸುವವರು ಓದುವುದನ್ನೇ ನಿಲ್ಲಿಸುತ್ತಾರೆ. ಗಾಳಿ ಸೀಳುವ ಗಾಲಿ ಮುಚ್ಚಳ ಎಂದು ಬರೆದು ಗಟ್ಟಿಯಾಗಿ ಓದಿ ನೋಡಿ. ಗಾಳಿ ಮತ್ತು ಗಾಲಿ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಳಕಾರ ಸಡಿಲವಾಗಿರುವ ಕಡೆ ಎರಡೂ ಒಂದೇ ಕೇಳಿಸುತ್ತದೆ. ಫೋನಿನಲ್ಲಿ ಹೇಳಿದರೆ ಇನ್ನೂ ಕಷ್ಟ. ಅದಕ್ಕೇ ಸಪಾಟು ಮುಚ್ಚಳ ಎಂಬುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಚಪ್ಪಟೆ ಎಂದರೆ ಅಮುಕಿ ತೆಳುವಾದದ್ದು. ಸಪಾಟು ಎಂದರೆ ಉಬ್ಬು ತಗ್ಗು ಇಲ್ಲದ್ದು. ಇಲ್ಲಿ ಬೇಕಾದ ಗುಣ ಎರಡನೆಯದು.

2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಕಂಪನಿಯೇ 15 ಇಂಚಿನ ಅಲಾಯ್ ಗಾಲಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿತ್ತು. ಅಲಾಯ್ ಚೆನ್ನಾಗಿ ಕಾಣುತ್ತದೆ ಎಂದು ಎಷ್ಟೋ ಜನ ಅದನ್ನು ಕಿತ್ತಿಟ್ಟರು. ಸುಮ್ನೆ ಅಲಂಕಾರ ಎಂಬ ಭಾವನೆ ಬೆಳೆದದ್ದು ಹೀಗೆ, ಕವರ್ ಎಂಬ ಹೆಸರಿಗೂ ಅದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ. ಇನ್ನು ಕೆಲವರು ಆ ಪ್ಲಾಸ್ಟಿಕ್‌ನ ಮೇಲೆ ಇನ್ನೂ ಸಪಾಟಾದ ಹಾಳೆ ಕತ್ತರಿಸಿ ಜೋಡಿಸಿಕೊಳ್ಳುತ್ತಾರೆ. ಗಾಳಿ ತುಂಬುವ ವಾಲ್ವಿಗೆ ಒಂದು ತೂತು ಬಿಡಲೇಬೇಕು. ಅದಕ್ಕೆ ವಾಲ್ವ್ ಕಂಡಿ ಎಂದಿದ್ದೇನೆ.

ಇನ್ನೊಂದು ಎಚ್ಚರಿಕೆಯ ಮಾತು. ರೇಸಿನವರು ಬಳಸುವ ಅಲ್ಯೂಮಿನಿಯಂ ಮುಚ್ಚಳಕ್ಕೆ ಮೂನ್ ಡಿಸ್ಕ್ ಎಂಬ ಹೆಸರಿದೆ. ಯೂಟಾದ ಬೊನೆವಿಲ್ ಉಪ್ಪುಬಯಲಿನಲ್ಲಿ ವೇಗದ ದಾಖಲೆಗೆ ಓಡುವ ಕಾರುಗಳಲ್ಲಿ ಇದನ್ನು ನೋಡಬಹುದು. ದುಂಡಗೆ ಹೊಳೆಯುತ್ತದೆ ಎಂದು ಚಂದ್ರತಟ್ಟೆ ಎಂದು ಅನುವಾದಿಸಬೇಡಿ. ಮೂನ್ ಎಂಬುದು ಅದನ್ನು ಮಾರುಕಟ್ಟೆಗೆ ತಂದ ಡೀನ್ ಮೂನ್ ಅವರ ಮನೆತನದ ಹೆಸರು.

ಡ್ರ್ಯಾಗ್ ಎಂಬುದಕ್ಕೆ ಎಳೆತ ಎಂದು ಕೆಲವರು ಬರೆಯುತ್ತಾರೆ. ನನಗೆ ಗಾಳಿತಡೆ ಇಷ್ಟ. ಎಳೆತ ಎಂದರೆ ಮುಂದಕ್ಕೋ ಹಿಂದಕ್ಕೋ ತಿಳಿಯುವುದಿಲ್ಲ. ಎದುರುಗಾಳಿಯಂತೂ ಬೇಡವೇ ಬೇಡ. ಅದು ಬೀಸುವ ಗಾಳಿ. ಗಾಳಿ ಬೀಸದ ದಿನವೂ ಓಡುವ ಕಾರಿಗೆ ತಡೆ ಇದ್ದೇ ಇರುತ್ತದೆ. ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ. ಅದಕ್ಕೇ ಹೆದ್ದಾರಿಯಲ್ಲಿ ಲಾಭ ಜಾಸ್ತಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಏನೂ ಇಲ್ಲ. ಕಾರಿನ ಆಕಾರಕ್ಕೆ ಗಾಳಿತಡೆಯ ಅಂಕ ಎಂದು ಒಂದಿದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡನೇ ತಲೆಮಾರಿನ ಪ್ರಿಯಸ್‌ನದು 0.26. ಆ ಇನ್‌ಸೈಟ್‌ನದು 0.25.

ಬ್ರೇಕಿನ ಬಗ್ಗೆಯೂ ಬರಹದಲ್ಲಿ ಹೇಳಲೇಬೇಕು. ಗಾಲಿ ಮುಚ್ಚಿದರೆ ಬ್ರೇಕಿಗೆ ತಂಪುಗಾಳಿ ಕಡಿಮೆ. ಹೈಬ್ರಿಡ್‌ನಲ್ಲಿ ವೇಗ ತಗ್ಗಿಸುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ತುಂಬುವುದರಿಂದ ಬ್ರೇಕಿನ ಡಿಸ್ಕ್ ಅಷ್ಟು ಬಿಸಿಯಾಗುವುದಿಲ್ಲ. ಆದರೆ ಉದ್ದನೆಯ ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಆ ಸಹಾಯ ನಿಲ್ಲುತ್ತದೆ. ಆಗ ಗೇರನ್ನು ಬಿ ಸ್ಥಾನಕ್ಕೆ ಹಾಕಿ ಎಂಜಿನ್ನಿನ ಬಿಗಿತದಲ್ಲೇ ಇಳಿಯಬೇಕು. ಈಗ ಬಿಡದಿಯಲ್ಲೇ ಹೈಬ್ರಿಡ್ ಕಾರುಗಳು ತಯಾರಾಗುತ್ತಿವೆ. ಚಾರ್ಮಾಡಿ ಘಾಟಿ ಇಳಿಯುವವರಿಗೂ ಈ ಮಾತು ಬೇಕು. ಮೋಟಾರೇ ಬ್ಯಾಟರಿ ತುಂಬುತ್ತಾ ವೇಗ ತಗ್ಗಿಸುವ ಬಗೆಯ ಬ್ರೇಕಿಗೆ ಮರುಗಳಿಕೆ ಬ್ರೇಕ್ ಎಂದು ಬರೆದಿದ್ದೇನೆ. ತಕ್ಷಣ ಅರ್ಥವಾಗುತ್ತದೆಯೇ, ಹೇಳಿ.

ಗಾಡಿ ಮಾಡುವ ಬಡಗಿಗಳ ಮಾತು ಬಲ್ಲವರು ಈ ಬಳಗದಲ್ಲಿದ್ದರೆ ಒಂದು ಪ್ರಶ್ನೆ. ಕಡ್ಡಿಯಿಲ್ಲದೆ ಇಡೀ ಹಲಗೆಯಿಂದಲೇ ಮಾಡಿದ ಗಾಲಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಇದ್ದರೆ ಸಪಾಟು ಮುಚ್ಚಳಕ್ಕಿಂತ ಅದೇ ಹೆಚ್ಚು ಒಪ್ಪಬಹುದು.