ಹಿರಿಯರಿಗೆ ವಿಡಿಯೊ ಗೇಮ್: ಮನವೊಲಿಸುವ ಇನ್ಫೋಗ್ರಾಫಿಕ್ ಮಾಡುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ದಾವಣಗೆರೆಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ವಯಸ್ಸಾದವರಿಗೆ ವಿಡಿಯೊ ಗೇಮ್‌ನಿಂದ ಪ್ರಯೋಜನವಿದೆ ಎಂದು ಮನವೊಲಿಸುವ ಇನ್ಫೋಗ್ರಾಫಿಕ್ ಒಂದನ್ನು ಮಾಡಬೇಕಿದೆ. ಹಿರಿಯರ ಹಗಲು ಕೇಂದ್ರದ ಗೋಡೆಗೆ ಹಾಕುವಂಥದ್ದು, ಎ3 ಅಳತೆ. ಅಂತರ್ಜಾಲದಲ್ಲಿ ಮಾಹಿತಿ ರಾಶಿ ರಾಶಿ ಸಿಗುತ್ತಿದೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ತಿಳಿಯುತ್ತಿಲ್ಲ. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ (ಆರೋಗ್ಯ ಜಾಗೃತಿಯ ಪೋಸ್ಟರ್‌ಗಳನ್ನು ವಿನ್ಯಾಸ ಮಾಡುವವರು):
ಒಂದೇ ಒಂದು ಮಾತನ್ನು ಆರಿಸಿಕೊಳ್ಳಿ. ನೆನಪಿನ ಶಕ್ತಿ, ಒಂಟಿತನ, ಕೈಕಾಲಿನ ಚಲನೆ, ನಿದ್ರೆ ಎಂದು ಎಲ್ಲವನ್ನೂ ತುರುಕಿದ ಹಾಳೆಯ ಮುಂದೆ ಯಾರೂ ನಿಲ್ಲುವುದಿಲ್ಲ. ನಾನಾದರೆ ಗಮನಶಕ್ತಿಯನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಗಟ್ಟಿಯಾದ ಒಂದು ಅಧ್ಯಯನವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದಲ್ಲಿ ನರವಿಜ್ಞಾನಿ ಆ್ಯಡಂ ಗಜ಼ಾಲಿ ಅವರ ತಂಡ ‘ನ್ಯೂರೋರೇಸರ್’ ಎಂಬ ಆಟವನ್ನು ರೂಪಿಸಿತು. ಕಾರನ್ನು ದಾರಿ ತಪ್ಪದಂತೆ ಓಡಿಸುತ್ತಲೇ ಪರದೆಯ ಮೇಲೆ ಬರುವ ಚಿಹ್ನೆಗಳಲ್ಲಿ ಬೇಕಾದದ್ದಕ್ಕೆ ಮಾತ್ರ ಗುಂಡಿ ಒತ್ತಬೇಕು. 60ರಿಂದ 85 ವರ್ಷದವರು ವಾರಕ್ಕೆ ಮೂರು ಬಾರಿ, ಒಂದೊಂದು ಗಂಟೆಯಂತೆ ಒಂದು ತಿಂಗಳು ಆಡಿದರು. ಕೊನೆಗೆ ಈ ಆಟದಲ್ಲಿ ಅವರು ತರಬೇತಿಯಿಲ್ಲದ 20ರ ಹರೆಯದವರನ್ನೂ ಮೀರಿಸಿದರು, ಆರು ತಿಂಗಳ ನಂತರವೂ ಆ ಕೌಶಲ ಉಳಿದಿತ್ತು. ಆಟದಲ್ಲಿ ಅಭ್ಯಾಸ ಮಾಡಿಸದ ಗಮನ ಮತ್ತು ನೆನಪಿನ ಕೆಲವು ಪರೀಕ್ಷೆಗಳಲ್ಲೂ ಸುಧಾರಣೆ ಕಂಡಿತು. 2013ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆ ಇದನ್ನು ಪ್ರಕಟಿಸಿತು.

ಇದನ್ನು ವಾಕ್ಯಗಳಲ್ಲಿ ಬರೆಯಬೇಡಿ. ಹಾಳೆಯ ನಡುವೆ ಒಂದು ತಿಂಗಳ ಕ್ಯಾಲೆಂಡರ್ ಬಿಡಿಸಿ, ವಾರಕ್ಕೆ ಮೂರರಂತೆ 12 ಮನೆಗಳಿಗೆ ಬಣ್ಣ ತುಂಬಿ. ನಮ್ಮ ಹಿರಿಯರು ಗೋಡೆಯ ಕ್ಯಾಲೆಂಡರ್ ನೋಡಿ ಬೆಳೆದವರು, ಎಷ್ಟು ದಿನ ಆಡಬೇಕು ಎಂಬುದು ವಿವರಣೆಯಿಲ್ಲದೆ ಗೊತ್ತಾಗುತ್ತದೆ.

ಅದರ ಕೆಳಗೇ, ಭಾಗವಹಿಸಿದವರು 46 ಮಂದಿ ಮಾತ್ರ ಎಂದೂ ಬರೆಯಿರಿ. ಅವರಲ್ಲೂ ಮೂರು ಗುಂಪುಗಳಿದ್ದವು, ಎರಡೂ ಕೆಲಸವನ್ನು ಒಟ್ಟಿಗೆ ಮಾಡುವ ಆಟ ಆಡಿದ್ದು ಒಂದು ಗುಂಪು. ಇದನ್ನು ಬರೆದರೆ ವಾದ ಸೊರಗುತ್ತದೆ ಎಂದು ಅನ್ನಿಸಬಹುದು. ಆದರೆ ಕೇಂದ್ರಕ್ಕೆ ಬರುವವರಲ್ಲಿ ನಿವೃತ್ತ ಮೇಷ್ಟ್ರು, ಬ್ಯಾಂಕ್ ನೌಕರರು ಇರುತ್ತಾರೆ, ಲೆಕ್ಕ ಕೇಳಿಯೇ ಕೇಳುತ್ತಾರೆ. ‘ಮರೆವಿನ ಕಾಯಿಲೆ ಬರುವುದಿಲ್ಲ’ ಎಂಬ ಮಾತನ್ನಂತೂ ಎಲ್ಲಿಯೂ ಹಾಕಬೇಡಿ. ಮಿದುಳಿನ ತರಬೇತಿಯ ಆಟಗಳನ್ನು ಮಾರುತ್ತಿದ್ದ ‘ಲುಮಾಸಿಟಿ’ ಸಂಸ್ಥೆ ಅಂಥ ಜಾಹೀರಾತುಗಳಿಗಾಗಿ 2016ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ 20 ಲಕ್ಷ ಡಾಲರ್ ಕೊಡುವ ಒಪ್ಪಂದಕ್ಕೆ ಬರಬೇಕಾಯಿತು.

ಉತ್ತರ (ಫಿಸಿಯೊಥೆರಪಿಸ್ಟ್):
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಮಿದುಳಿನ ವಿಷಯ ಹಿರಿಯರ ಮಗ-ಮಗಳನ್ನು ಒಪ್ಪಿಸುತ್ತದೆ, ಹಿರಿಯರನ್ನು ಒಪ್ಪಿಸುವುದು ಜೊತೆಗಾರರು. ನಮ್ಮಲ್ಲಿ ಪರದೆಯ ಮುಂದೆ ಕೈ ಬೀಸಿ ಆಡುವ ಬೌಲಿಂಗ್ ಆಟವಿದೆ. ನಾನು ಭುಜದ ವ್ಯಾಯಾಮ ಎಂದಾಗ ಬಾರದವರು, ಪಕ್ಕದ ಕುರ್ಚಿಯವರು ‘ಬನ್ನಿ, ಒಂದು ಕೈ ನೋಡೋಣ’ ಎಂದಾಗ ಎದ್ದು ಬರುತ್ತಾರೆ. ಆದ್ದರಿಂದ ಒಬ್ಬಂಟಿಯಾಗಿ ಮೊಬೈಲ್ ಹಿಡಿದು ಕೂತ ಅಜ್ಜನ ಚಿತ್ರ ಬೇಡ, ಇಬ್ಬರು ಮೂವರು ಸೇರಿ ಆಡುವ ಚಿತ್ರ ಹಾಕಿ.

ಅವರು ಮೊದಲು ಕೇಳುವ ಪ್ರಶ್ನೆ ‘ದುಡ್ಡು ಹೋಗುತ್ತದೆಯೇ?’ ಎಂದು. ರಮ್ಮಿ ಜಾಹೀರಾತುಗಳನ್ನು ಅಷ್ಟು ನೋಡಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ‘ಇಲ್ಲಿ ಹಣದ ಆಟವಿಲ್ಲ’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಕೊಡಿ, ಅರ್ಧ ಅನುಮಾನ ಅಲ್ಲಿಯೇ ಕಳೆಯುತ್ತದೆ.

ಉತ್ತರ (ಕಾಲೇಜು ಗ್ರಂಥಪಾಲಕಿ):
ಜಪಾನಿನ ಹಮಾಕೊ ಮೋರಿ ಅವರ ಹೆಸರು ಹಾಕಬಹುದಲ್ಲವೇ? 90ನೇ ವಯಸ್ಸಿನಲ್ಲಿ ಅತ್ಯಂತ ಹಿರಿಯ ಗೇಮಿಂಗ್ ಯೂಟ್ಯೂಬರ್ ಎಂದು ಗಿನ್ನೆಸ್ ದಾಖಲೆಗೆ ಸೇರಿದವರು. ನಮ್ಮ ಗ್ರಂಥಾಲಯದ ಫಲಕದಲ್ಲಿ ಅವರ ಬಗ್ಗೆ ಬರೆದಾಗ ಅನೇಕರು ನಿಂತು ಓದಿದರು.

ಉತ್ತರ (ಫಿಸಿಯೊಥೆರಪಿಸ್ಟ್):
ಮೇಡಂ, ನಿಂತು ಓದುತ್ತಾರೆ ನಿಜ. ಆದರೆ ‘ಅವರೆಲ್ಲಿ, ನಾವೆಲ್ಲಿ’ ಎಂದು ಮುಂದೆ ಹೋಗುವುದನ್ನೂ ಕಂಡಿದ್ದೇನೆ. ಮೂಲೆಯಲ್ಲಿ ಚಿಕ್ಕದಾಗಿ ಇರಲಿ, ಮುಖ್ಯ ಚಿತ್ರ ಆ ಕೇಂದ್ರದವರದ್ದೇ ಆಗಲಿ. ಅನುಮತಿ ಕೇಳಿ ಫೋಟೊ ತೆಗೆಯಿರಿ.

ಉತ್ತರ (ಮುದ್ರಣಾಲಯದಲ್ಲಿ ಪುಟ ವಿನ್ಯಾಸ ಮಾಡುವವರು):
ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಮತ್ತು ಹಸಿರು ಛಾಯೆಗಳ ವ್ಯತ್ಯಾಸ ಮಸುಕಾಗುತ್ತದೆ. ಅವೆರಡನ್ನು ಪಕ್ಕಪಕ್ಕ ಇಡಬೇಡಿ. ಬೂದು ಬಣ್ಣದ ಅಕ್ಷರವೂ ಬೇಡ, ಬಿಳಿಯ ಮೇಲೆ ಕಪ್ಪು ಇರಲಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟ್ ಬೆಳಕು ಬಡಿದು ಓದಲು ಆಗುವುದಿಲ್ಲ, ಹೊಳಪಿಲ್ಲದ ‘ಮ್ಯಾಟ್’ ಕೇಳಿ.

ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಇಂಗ್ಲಿಷ್ ಟೆಂಪ್ಲೇಟಿನ ಸಾಲಿನ ಅಂತರ ಸಾಲದು, ಹೆಚ್ಚಿಸಿಕೊಳ್ಳಿ. ಯೂನಿಕೋಡ್ ಅಕ್ಷರವನ್ನೇ ಬಳಸಿ, ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿಯೇ ಪ್ರೆಸ್‌ಗೆ ಕೊಡಿ, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಒತ್ತುಗಳು ಚೆದುರುವ ಸಂಭವವಿದೆ. ಮೊದಲ ಪ್ರತಿಯನ್ನು ಸಾದಾ ಹಾಳೆಯಲ್ಲಿ ತೆಗೆಸಿ ಕೇಂದ್ರದ ಗೋಡೆಗೆ ಅಂಟಿಸಿ. ಕನ್ನಡಕ ಹಾಕಿಕೊಂಡವರೊಬ್ಬರನ್ನು ಆರು ಅಡಿ ದೂರದಲ್ಲಿ ನಿಲ್ಲಿಸಿ ಗಟ್ಟಿಯಾಗಿ ಓದಲು ಹೇಳಿ. ಅವರು ತಡವರಿಸಿದ ಪ್ರತಿ ಸಾಲನ್ನೂ ದೊಡ್ಡದು ಮಾಡಿ, ಇಲ್ಲವೇ ತೆಗೆದುಹಾಕಿ.