ಇಬ್ಬನಿ ಹೀಟರಿಗೆ ಬ್ಯಾಟರಿ: ಇಡೀ ರಾತ್ರಿಗೆ ಎಷ್ಟು ಬೇಕು?

ಪ್ರಶ್ನೆ, ಪೈವಳಿಕೆಯ ಅಧ್ಯಾಪಕರಿಂದ:

ನನ್ನಲ್ಲಿರುವುದು 8 ಇಂಚಿನ ಶ್ಮಿಟ್-ಕ್ಯಾಸಿಗ್ರೇನ್ (ಮುಂದೆ ತೆಳು ಗಾಜು, ಹಿಂದೆ ಕನ್ನಡಿ ಇರುವ) ದೂರದರ್ಶಕ. ಪೊಸಡಿಗುಂಪೆಯ ಕಡೆಯ ಒಂದು ಪದವಿನಲ್ಲಿ (ಬಯಲು ಗುಡ್ಡದಲ್ಲಿ), ಕರೆಂಟಿನ ಸೌಕರ್ಯವಿಲ್ಲದಲ್ಲಿ, ಅದನ್ನಿಟ್ಟು ನೋಡುತ್ತೇನೆ. ಫೆಬ್ರವರಿಯ ನಡುವಿನಲ್ಲಿ ಒಮೆಗಾ ಸೆಂಟಾರಿ ತಾರಾಗುಚ್ಛವು ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ, ಅಂದರೆ ನಮ್ಮೂರಿನಲ್ಲಿ ದಿಗಂತದಿಂದ ಸುಮಾರು 30 ಡಿಗ್ರಿಗೆ, ಬರುವುದು ಬೆಳಗಿನ ಜಾವ ನಾಲ್ಕು ಕಳೆದ ಮೇಲೆ. ಇಬ್ಬನಿ ದಟ್ಟವಾಗಿ ಇಳಿಯುವುದೂ ಅದೇ ಹೊತ್ತಿಗೆ. ತೇವ ಕೂರದಂತೆ ಬೆಚ್ಚಗಿಡಲು ಮುಂದಿನ ಕರೆಕ್ಟರ್ ಗಾಜಿಗೆ 20 ವ್ಯಾಟಿನ, ಫೈಂಡರ್ (ಗುರಿ ಹುಡುಕುವ ಪುಟ್ಟ ದೂರದರ್ಶಕ) ಮತ್ತು ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ತಲಾ 3 ವ್ಯಾಟಿನ ಹೀಟರ್ ಪಟ್ಟಿಗಳನ್ನು ಕಟ್ಟಬೇಕೆಂದಿದ್ದೇನೆ. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯೊಂದು ಕೈಯಲ್ಲಿದೆ. ರಾತ್ರಿ ಎಂಟರಿಂದ ಬೆಳಗ್ಗೆ ಐದರವರೆಗೆ ಅದು ಸಾಕಾದೀತೇ? ಸಾಲದಿದ್ದರೆ, ಹೊತ್ತುಕೊಂಡು ಹೋಗಬಹುದಾದ ಯಾವ ಬ್ಯಾಟರಿಯನ್ನು ಕೊಳ್ಳುವುದು ಸೂಕ್ತ?

ಉತ್ತರ, ಕುಂಬಳೆಯಿಂದ:

ಮಾಷ್ಟ್ರೇ, ಖಂಡಿತ ಸಾಲದು. ಮೂರೂ ಪಟ್ಟಿಗಳು ಪೂರ್ಣ ಶಕ್ತಿಯಲ್ಲಿದ್ದರೆ 26 ವ್ಯಾಟ್. ಒಂಬತ್ತು ಗಂಟೆಗೆ 234 ವ್ಯಾಟ್-ಅವರ್. ತಮ್ಮ ಬ್ಯಾಟರಿಯಲ್ಲಿರುವುದು ಲೆಕ್ಕದ ಪ್ರಕಾರ 12×7, ಅಂದರೆ 84. ಅದೂ ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ, 0.35 ಆಂಪಿಯರಿನಂತೆ ಎಳೆದಾಗ ಸಿಗುವ ಲೆಕ್ಕ. 2 ಆಂಪಿಯರ್ ಎಳೆದರೆ ಅಷ್ಟು ಸಿಗುವುದಿಲ್ಲ. ತಮ್ಮದರಂಥ ಲೆಡ್ ಆಸಿಡ್ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಬೇಗ ಮುಗಿಯುವುದರಿಂದ, ನಿಜವಾಗಿ ಬಳಸಬಹುದಾದದ್ದು ಒಂದೂವರೆ ಗಂಟೆಗಷ್ಟೇ. ಕಾರಿನ ಬ್ಯಾಟರಿಯ ಯೋಚನೆ ಬೇಡ. ಅದು ಎಂಜಿನ್ನಿಗೆ ಒಮ್ಮೆಲೇ ಬಲ ಕೊಡಲು ಮಾಡಿದ್ದೇ ಹೊರತು ರಾತ್ರಿಯಿಡೀ ಬರಿದಾಗಲು ಅಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್, 20 ಆಂಪಿಯರ್-ಅವರಿನದು ಕೊಳ್ಳಿರಿ. ಅದರಲ್ಲಿ 256 ವ್ಯಾಟ್-ಅವರ್ ಇರುತ್ತದೆ, ಶೇಕಡಾ 80ರಷ್ಟನ್ನು ಬಳಸಿದರೂ 205 ಸಿಗುತ್ತದೆ, ಪೂರ್ಣ ಶಕ್ತಿಯಲ್ಲೇ ಸುಮಾರು ಎಂಟು ಗಂಟೆಗೆ ಸಾಕು. ತೂಕ ಸುಮಾರು ಮೂರು ಕಿಲೋ. ಮುಗಿಯುವ ಹಂತದವರೆಗೂ ಅದರ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಇದು ಸಣ್ಣ ಲಾಭವಲ್ಲ.

ಉತ್ತರ, ನೀರ್ಚಾಲಿನಿಂದ:

ಲೆಕ್ಕ ಸರಿಯಾಗಿದೆ, ಆದರೆ ಬ್ಯಾಟರಿಯನ್ನು ದೊಡ್ಡದು ಮಾಡುವ ಮೊದಲು ಖರ್ಚನ್ನು ಸಣ್ಣದು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಗಾಜು ತೆರೆದ ಆಕಾಶಕ್ಕೆ ತನ್ನ ಶಾಖವನ್ನು ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗೆ ತಣಿಯುತ್ತ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕೆಳಗೆ ಹೋದಾಗ ತೇವ ಕೂರುತ್ತದೆ. ಗಾಜು ಆ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು. ಇಡೀ ರಾತ್ರಿ 20 ವ್ಯಾಟ್ ಉರಿಸಿದರೆ ಗಾಜಿನ ಮುಂದೆ ಬಿಸಿಗಾಳಿ ಎದ್ದು ನಕ್ಷತ್ರದ ಬಿಂಬ ನಡುಗುತ್ತದೆ, ಅಷ್ಟೇ.

ಮೊದಲು ಕಪ್ಪು ಯೋಗ ಮ್ಯಾಟಿನಿಂದ 12 ಇಂಚು ಉದ್ದದ, ಎಂದರೆ ದ್ಯುತಿರಂಧ್ರದ (ದೂರದರ್ಶಕದ ಬಾಯಿಯ ಅಗಲದ) ಒಂದೂವರೆ ಪಟ್ಟಿನ, ಕೊಳವೆ ಮಾಡಿ ಮುಂದೆ ತೊಡಿಸಿರಿ. ಪಟ್ಟಿಯನ್ನು ಗಾಜಿನ ಹಿಂದೆಯೇ ದೂರದರ್ಶಕದ ಕೊಳವೆಗೆ ಬಿಗಿಯಾಗಿ ಸುತ್ತಿ, ಪಿಡಬ್ಲ್ಯುಎಂ ನಿಯಂತ್ರಕದ (ಕರೆಂಟನ್ನು ಹಚ್ಚಿ ಆರಿಸಿ ಶಾಖವನ್ನು ಹೆಚ್ಚುಕಡಿಮೆ ಮಾಡುವ ಸಾಧನದ) ಮೂಲಕ ಕರೆಂಟು ಕೊಡಿರಿ. ಇಬ್ಬನಿ ಬೀಳುವ ಮೊದಲೇ ಶುರು ಮಾಡಬೇಕು, ಏಕೆಂದರೆ ಒಮ್ಮೆ ಕುಳಿತ ನೀರನ್ನು ಆವಿಯಾಗಿಸಲು ತಡೆಯುವುದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಬಟ್ಟೆಯಲ್ಲಿ ಒರಸಲು ಮಾತ್ರ ಹೋಗಬೇಡಿ, ಗಾಜಿನ ಲೇಪನಕ್ಕೆ ಗೀರು ಬೀಳುತ್ತದೆ. ಹೀಗೆ ಸರಾಸರಿ ಅರ್ಧ ಶಕ್ತಿಯಲ್ಲಿ ಸಾಗಿದರೆ ಖರ್ಚು 117 ವ್ಯಾಟ್-ಅವರ್. ಆಗ 12 ಆಂಪಿಯರ್-ಅವರಿನದೂ ನಡೆದೀತು, ಆದರೆ ಗಾಳಿಯಲ್ಲಿ ಕಡಲ ತೇವ ತುಂಬಿದ ರಾತ್ರಿಗೆಂದು ಹೆಚ್ಚುವರಿ ಏನೂ ಉಳಿಯುವುದಿಲ್ಲ; ಆದ್ದರಿಂದ 20ರದನ್ನೇ ನಾನೂ ಸೂಚಿಸುತ್ತೇನೆ.

ಪೈವಳಿಕೆಯ ಅಧ್ಯಾಪಕರಿಂದ:

ಇಬ್ಬರಿಗೂ ಧನ್ಯವಾದ. ದೂರದರ್ಶಕವನ್ನು ತಿರುಗಿಸುವ ಗೋ-ಟು ಮೌಂಟನ್ನೂ ಅದೇ ಬ್ಯಾಟರಿಯಿಂದ ನಡೆಸಬಹುದೇ?

ಉತ್ತರ, ಮಂಜೇಶ್ವರದಿಂದ:

ನಡೆಸಬಹುದು, ಆದರೆ ನಾನಾದರೆ ಹಾಗೆ ಮಾಡುವುದಿಲ್ಲ. ನಿಯಂತ್ರಕ ಹೀಟರನ್ನು ಹಚ್ಚುತ್ತ ಆರಿಸುತ್ತ ಇರುವುದರಿಂದ ಒಂದೇ ತೆಳ್ಳನೆಯ ತಂತಿಯಲ್ಲಿ ಎರಡೂ ಇದ್ದರೆ ವೋಲ್ಟೇಜ್ ಕುಸಿದು ಮೌಂಟ್ ಮರುಚಾಲನೆಗೊಳ್ಳಬಹುದು, ಆಮೇಲೆ ಅದನ್ನು ನಕ್ಷತ್ರಗಳಿಗೆ ಹೊಂದಿಸುವ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕು. ತಮ್ಮ ಹಳೆಯ 7 ಆಂಪಿಯರ್-ಅವರಿನ ಬ್ಯಾಟರಿಯನ್ನೇ ಮೌಂಟಿಗೆ ಕೊಡಿ. ಮೌಂಟ್ ಎಷ್ಟು ಎಳೆಯುತ್ತದೆಂದು ಮೀಟರಿನಲ್ಲಿ ನೋಡಿ, ಸರಾಸರಿ 0.4 ಆಂಪಿಯರಿನೊಳಗಿದ್ದರೆ ಒಂಬತ್ತು ಗಂಟೆಗೆ 3.6 ಆಂಪಿಯರ್-ಅವರ್, ಆ ಬ್ಯಾಟರಿಯ ಹೆಚ್ಚುಕಡಿಮೆ ಅರ್ಧ.

ತಂತಿಯ ವಿಷಯವನ್ನು ಯಾರೂ ಹೇಳಲಿಲ್ಲ. 0.5 ಚದರ ಮಿಲಿಮೀಟರಿನ ತಂತಿಯನ್ನು ಐದು ಮೀಟರ್ ಎಳೆದರೆ ಹೋಗಿಬರುವ ಹತ್ತು ಮೀಟರಿಗೆ ಸುಮಾರು 0.4 ಓಮ್, 2 ಆಂಪಿಯರಿಗೆ 0.8 ವೋಲ್ಟ್ ಅಲ್ಲೇ ನಷ್ಟ, ಹೀಟರಿಗೆ ಶೇಕಡಾ 13ರಷ್ಟು ಶಾಖ ಕಡಿಮೆ. 1.5 ಚದರ ಮಿಲಿಮೀಟರಿನದು ಹಾಕಿದರೆ ಆ ನಷ್ಟ ಮೂರನೆಯ ಒಂದಾಗುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್ ಇರಲಿ, ಮತ್ತು ಹೊಸ ಬ್ಯಾಟರಿಯನ್ನು ಅದಕ್ಕೆಂದೇ ಮಾಡಿದ 14.6 ವೋಲ್ಟಿನ ಚಾರ್ಜರಿನಲ್ಲಿ ಮಾತ್ರ ತುಂಬಿಸಿರಿ.