ಗ್ಲಿಯಾ ಕೋಶದ ಮೇಲೆ ಬೇಸಿಗೆ ಪ್ರಾಜೆಕ್ಟ್: ಮಾಡಬೇಕೋ ಬೇಡವೋ?

ಔಂಧ್‌ವಾಸಿ:
ಪುಣೆಯಲ್ಲಿರೋ ಕನ್ನಡದವರಲ್ಲಿ ಒಂದು ಪ್ರಶ್ನೆ. ಮಗಳಿಗೆ ಪಾಷಾಣ್ ಕಡೆ ಒಂದು ಲ್ಯಾಬಿನಲ್ಲಿ ಎರಡು ತಿಂಗಳ ಪ್ರಾಜೆಕ್ಟ್ ಸಿಕ್ಕಿದೆ. ನ್ಯೂರಾನ್ (ಮಿದುಳಿನಲ್ಲಿ ಸಂದೇಶ ಸಾಗಿಸೋ ನರಕೋಶ) ಮತ್ತು ಗ್ಲಿಯಾ (ಅದರ ಜೊತೆಗಿರೋ, ನ್ಯೂರಾನ್ ಅಲ್ಲದ ಕೋಶ) ಸಂಬಂಧದ ಮೇಲಂತೆ. ಅವಳ ಪುಸ್ತಕದಲ್ಲಿ ಗ್ಲಿಯಾ ಬಗ್ಗೆ ಇರೋದು ಒಂದೇ ಸಾಲು: ನ್ಯೂರಾನ್‌ಗಿಂತ ಹತ್ತು ಪಟ್ಟು ಹೆಚ್ಚಿವೆ, ಆಸರೆ ಕೊಡುತ್ತವೆ. ಇಷ್ಟಕ್ಕೆ ಎರಡು ತಿಂಗಳಾ?

ಧಾರವಾಡದಾಕಿ:
ನಾ ಇದ ಕೆಲಸದಾಗ ಇರಾಕಿ, ಅದಕ್ಕ ಉದ್ದ ಬರೀತೀನ್ರಿ. ಮೊದಲ ಆ ಹತ್ತು ಪಟ್ಟು ಬಿಡ್ರಿ. 2009ರಾಗ ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತ ಜೊತೆಯವರು ಮನುಷ್ಯರ ಮಿದುಳು ಅರೆದು ಸಾರು ಮಾಡಿ ಅದರಾಗಿನ ನ್ಯೂಕ್ಲಿಯಸ್ (ಕೋಶದ ನಡುವಿನ ಕೇಂದ್ರ) ಎಣಿಸಿದ್ರು. ನ್ಯೂರಾನ್ ಸುಮಾರು 8,600 ಕೋಟಿ. ಉಳಿದ ಕೋಶ ಎಲ್ಲಾ ಸೇರಿದ್ರೂ ಹೆಚ್ಚುಕಮ್ಮಿ ಅಷ್ಟ.

ಆಸರೆ ಅನ್ನೂದು ಸುಳ್ಳಲ್ಲ, ಅರ್ಧ ಮಾತು. 1997ರಾಗ ಪ್ರೀಗರ್, ಬ್ಯಾರಿಸ್ ಇಬ್ಬರು ಇಲಿ ರೆಟಿನಾದ ನ್ಯೂರಾನ್‌ಗಳನ್ನ ಗ್ಲಿಯಾ ಇಲ್ಲದ ಬೆಳೆಸಿದ್ರು. ಸಾಯಲಿಲ್ಲ, ಆದ್ರ ಸಿನಾಪ್ಸ್ (ಎರಡು ನ್ಯೂರಾನ್ ಕೂಡೂ ಸಂಧಿ) ಚಟುವಟಿಕೆ ಭಾಳ ಮಂದ. ಗ್ಲಿಯಾ ಜೋಡಿ ಇಟ್ಟ ಮ್ಯಾಲೆ ಜೋರಾತು.

ನಿಜವಾದ ಜಗಳ ಇರೂದು ಕ್ಯಾಲ್ಸಿಯಂದಾಗ. ಆಸ್ಟ್ರೋಸೈಟ್ ಅಂದ್ರ ಗ್ಲಿಯಾದಾಗ ಒಂದು ಬಗಿ. ಅದು ನ್ಯೂರಾನಿನಂಗ ವಿದ್ಯುತ್ ಮಿಡಿಯಂಗಿಲ್ಲ, ಆದ್ರ ಗ್ಲುಟಮೇಟ್ (ನ್ಯೂರಾನ್ ಸಂದೇಶಕ್ಕ ಬಿಡೂ ರಾಸಾಯನಿಕ) ತಾಗಿದ್ರ ಒಳಗ ಕ್ಯಾಲ್ಸಿಯಂ ಏರತೈತಿ. 1990ರಾಗ ಡಿಶ್‌ನಾಗ (ಲ್ಯಾಬಿನ ತಟ್ಟಿಯೊಳಗ ಬೆಳೆಸಿದ ಕೋಶದಾಗ) ಅದು ಅಲೆಅಲೆಯಾಗಿ ಹಬ್ಬೂದು ಕಂಡಿತು. ಅಷ್ಟಕ್ಕ ಕೆಲವರು ಗ್ಲಿಯಾನೂ ವಿಚಾರ ಮಾಡತಾವು ಅಂದ್ರು. ನನಗ ಅದು ಅತಿ ಅನಸ್ತದ. 2010ರಾಗ ಆ ಅಲೆಗೆ ಬೇಕಾದ ರಿಸೆಪ್ಟರ್ (ಸಂಕೇತ ಹಿಡಿಯೂ ಪ್ರೋಟೀನ್) ತಗದ ಇಲಿಗಳ ಹಿಪ್ಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ನೋಡಿದ್ರ ಸಿನಾಪ್ಸ್ ಬಲಪಡೂದ್ರಾಗ ಏನೂ ಫರಕ್ ಇಲ್ಲ! ಮುಗೀತು ಅಂದ್ಕೊಂಡವರಿಗೆ 2015ರಾಗ ಇನ್ನೊಂದು: ಅಂಥ ಇಲಿಯ ಆಸ್ಟ್ರೋಸೈಟಿನ ಸಣ್ಣ ಸಣ್ಣ ಎಳಿಗಳಾಗ ಕ್ಯಾಲ್ಸಿಯಂ ಇನ್ನೂ ಏರಾಕಹತ್ತಿತ್ತು. ಎಲ್ಲಾರೂ ಕೋಶದ ಹೊಟ್ಟಿ ನೋಡಿದ್ರು, ಸಿನಾಪ್ಸ್‌ಗೆ ಅಂಟಿಕೊಂಡಿರೂದು ಆ ಎಳಿ.

ಲಿಂಗಾಯತ್_ಕೊತ್ರೂಡ್:
ಅಕ್ಕಾರ, ಪರೀಕ್ಷೆಯೊಳಗ ಏನು ಬರೀಬೇಕು ಹಂಗಾರ?

ಧಾರವಾಡದಾಕಿ:
ಪುಸ್ತಕದಾಗಿದ್ದದ್ದ ಬರೀಲಿ, ಮಾರ್ಕ್ಸ್ ಬಿಡಬ್ಯಾಡ್ರಿ.

ಔಂಧ್‌ವಾಸಿ:
ಧನ್ಯವಾದ. ಅವಳು ಅಲ್ಲಿ ದಿನವಿಡೀ ಏನು ಮಾಡಬೇಕಾಗುತ್ತೆ?

ಧಾರವಾಡದಾಕಿ:
ಕತ್ತಲ ಕೋಣಿ, ಎಸಿ, ಮೈಕ್ರೋಸ್ಕೋಪು. ಮೇ ತಿಂಗಳಾಗೂ ಸ್ವೆಟರ್ ಕೊಟ್ಟು ಕಳಸ್ರಿ. ಮುಕ್ಕಾಲು ಪಾಲು ಹೊತ್ತು ಕಂಪ್ಯೂಟರ್ ಮುಂದ ಕೂತು ವಿಡಿಯೋದಾಗ ಯಾವ ಎಳಿ ಯಾವಾಗ ಮಿನುಗಿತು ಅಂತ ಗುರುತು ಹಾಕೂದು. ಇಮೇಜ್‌ಜೆ ಅಂತ ಚಿತ್ರ ಅಳಿಯೂ ಸಾಫ್ಟ್‌ವೇರ್ ಪುಕ್ಕಟೆ ಸಿಗತೈತಿ, ಈಗಿಂದ ಕಲೀಲಿ. ಮತ್ತ ಹೋಗೂ ಮೊದಲ ಒಂದ ಕೇಳಲಿ: ನಿಮ್ಮದು ಡಿಶ್‌ನಾಗಿನ ಕೋಶನೋ, ಮಿದುಳಿನ ಸ್ಲೈಸೋ? ಸ್ಲೈಸ್ ಅಂದ್ರ ಕಣ್ಣುಮುಚ್ಚಿ ಹೂಂ ಅನ್ರಿ.